ಪ್ರಾರ್ಥನೆಯ ಆ ಒಂದು ಸಾಲು

2006ರ ಅಕ್ಟೋಬರ್ 2, ಸೋಮವಾರ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ನಿಕ್ಕಲ್ ಮೈನ್ಸ್ ಎಂಬ ಪುಟ್ಟ ಊರು. ಸುತ್ತಲೂ ಮೆಕ್ಕೆಜೋಳದ ಹೊಲಗಳು, ಹಾಲಿನ ಹಸುಗಳ ಕೊಟ್ಟಿಗೆಗಳು, ರಸ್ತೆಯ ಮೇಲೆ ಕುದುರೆಗಾಡಿಗಳು. ಅಲ್ಲಿ ಆಮಿಶ್ ಪಂಗಡದ ಮಕ್ಕಳಿಗಾಗಿಯೇ ಇದ್ದ ಒಂದೇ ಕೋಣೆಯ ಶಾಲೆಗೆ ಅಂದು ಬೆಳಿಗ್ಗೆ ಬಂದೂಕು ಹಿಡಿದ ಒಬ್ಬ ವ್ಯಕ್ತಿ ನುಗ್ಗಿದ. ಗಂಡುಮಕ್ಕಳನ್ನು ಹೊರಗೆ ಕಳುಹಿಸಿದ. ಹತ್ತು ಹುಡುಗಿಯರನ್ನು ಒಳಗೇ ಉಳಿಸಿಕೊಂಡು ಬಾಗಿಲು ಭದ್ರಪಡಿಸಿದ. ಪೊಲೀಸರು ಸುತ್ತುವರಿದಾಗ ಹತ್ತೂ ಮಕ್ಕಳ ಮೇಲೆ ಗುಂಡು ಹಾರಿಸಿ, ತಾನೂ ಗುಂಡು ಹಾರಿಸಿಕೊಂಡು ಸತ್ತ. 7ರಿಂದ 13 ವರ್ಷದೊಳಗಿನ ಐವರು ಬಾಲಕಿಯರು ಬದುಕುಳಿಯಲಿಲ್ಲ.

ಕೊಂದವನು ಹೊರಗಿನವನೇನೂ ಅಲ್ಲ. ಆಮಿಶ್ ಪಂಗಡಕ್ಕೆ ಸೇರಿದವನಲ್ಲವಾದರೂ ಅದೇ ನೆರೆಹೊರೆಯವನು. ರಾತ್ರಿ ಹೊತ್ತು ಆ ರೈತರ ಡೈರಿಗಳಿಂದಲೇ ಹಾಲು ತುಂಬಿಕೊಂಡು ಹೋಗುತ್ತಿದ್ದ ಟ್ಯಾಂಕರ್ ಚಾಲಕ. ಹೆಂಡತಿ, ಮೂವರು ಮಕ್ಕಳ ಸಂಸಾರಸ್ಥ. ಒಂಬತ್ತು ವರ್ಷಗಳ ಹಿಂದೆ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡ ತನ್ನ ಮೊದಲ ಮಗುವಿನ ಸಾವಿಗಾಗಿ ದೇವರ ಮೇಲೂ ತನ್ನ ಮೇಲೂ ಆರದ ಸಿಟ್ಟಿದೆಯೆಂದು ಆತ ಬರೆದಿಟ್ಟಿದ್ದ.

ಜಗತ್ತನ್ನು ಬೆಚ್ಚಿಬೀಳಿಸಿದ್ದು ಈ ಹತ್ಯೆ. ಆದರೆ ಬೆರಗುಗೊಳಿಸಿದ್ದು ಅಂದು ಸಂಜೆ ನಡೆದ ಇನ್ನೊಂದು ಸಂಗತಿ. ಮಕ್ಕಳ ಶವಗಳಿನ್ನೂ ಮನೆಗೆ ಬಂದಿರಲಿಲ್ಲ. ಗಾಯಗೊಂಡವರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಸಾವು ಬದುಕಿನ ನಡುವೆ ಇದ್ದರು. ಅಂಥ ಹೊತ್ತಿನಲ್ಲಿ ಆಮಿಶ್ ಹಿರಿಯರು ಕೆಲವರು ಕೊಲೆಗಾರನ ಹೆಂಡತಿ ಎಲ್ಲಿದ್ದಾಳೆಂದು ವಿಚಾರಿಸಿಕೊಂಡು ಹೊರಟರು. ಬಂಧುಗಳ ಮನೆಯಲ್ಲಿ ಮಕ್ಕಳನ್ನು ಹಿಡಿದುಕೊಂಡು ಕುಳಿತಿದ್ದ ಆಕೆಯ ಎದುರು ಸುಮಾರು ಹತ್ತು ನಿಮಿಷ ನಿಂತರು. ನಿಮ್ಮ ದುಃಖವೂ ನಮ್ಮದೇ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದು ಹೇಳಿ ಬಂದರು. ಇನ್ನು ಕೆಲವರು ಕೊಲೆಗಾರನ ತಂದೆತಾಯಿಯ ಮನೆಗೆ ಹೋದರು. ಅಳುತ್ತಿದ್ದ ಆ ತಂದೆಯನ್ನು ಒಬ್ಬ ಆಮಿಶ್ ನೆರೆಯವನು ಬಹಳ ಹೊತ್ತು ತೋಳಲ್ಲಿ ಹಿಡಿದು ಸಂತೈಸಿದನೆಂದು ಅಂದಿನ ವರದಿಗಳು ತಿಳಿಸಿದವು.

ಹೆತ್ತ ಮಕ್ಕಳನ್ನು ಕಳೆದುಕೊಂಡ ಸಮುದಾಯಕ್ಕೆ ಇದು ಹೇಗೆ ಸಾಧ್ಯವಾಯಿತು? ಸುದ್ದಿಗಾರರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಪಂಗಡವನ್ನು ದೀರ್ಘಕಾಲ ಅಧ್ಯಯನ ಮಾಡಿದ್ದ ಡೊನಾಲ್ಡ್ ಕ್ರೇಬಿಲ್, ಸ್ಟೀವನ್ ನೋಲ್ಟ್ ಮತ್ತು ಡೇವಿಡ್ ವೀವರ್-ಜರ್ಚರ್ ಎಂಬ ಮೂವರು ವಿದ್ವಾಂಸರು ಅಲ್ಲಿನ ಜನರನ್ನು ಮಾತನಾಡಿಸಿ 2007ರಲ್ಲಿ 'ಆಮಿಶ್ ಗ್ರೇಸ್' ಎಂಬ ಪುಸ್ತಕ ಹೊರತಂದರು. ಜನ ಕೊಟ್ಟ ಉತ್ತರ ಸರಳವಾಗಿತ್ತು. ಅವರು ಯಾವ ದೊಡ್ಡ ಸಿದ್ಧಾಂತವನ್ನೂ ಮುಂದಿಡಲಿಲ್ಲ. ದಿನವೂ ಹೇಳುವ ಪ್ರಾರ್ಥನೆಯ ಒಂದು ಸಾಲನ್ನು ತೋರಿಸಿದರು.

ಷರತ್ತಿನ ಕೋರಿಕೆ

ಕ್ರೈಸ್ತರೆಲ್ಲರಿಗೂ ಗೊತ್ತಿರುವ ಪ್ರಾರ್ಥನೆ ಅದು. ಕನ್ನಡದಲ್ಲಿ 'ಕರ್ತನ ಪ್ರಾರ್ಥನೆ' ಎಂದು ಪ್ರಸಿದ್ಧ. ಹೊಸ ಒಡಂಬಡಿಕೆಯಲ್ಲಿ ಎರಡು ಕಡೆ ಅದು ಬರುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಗಿರಿಪ್ರವಚನದ ನಡುವೆ ಇದೆ. ಲೂಕನ ಸುವಾರ್ತೆಯಲ್ಲಿ, ನಮಗೆ ಪ್ರಾರ್ಥನೆ ಮಾಡುವುದನ್ನು ಕಲಿಸು ಎಂದು ಶಿಷ್ಯರು ಕೇಳಿಕೊಂಡಾಗ ಯೇಸು ಹೇಳಿಕೊಟ್ಟದ್ದಾಗಿ ಇದೆ. ಒಂದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದಷ್ಟು ಚಿಕ್ಕದು. ಮೊದಲ ಭಾಗ ದೇವರ ನಾಮ, ರಾಜ್ಯ ಮತ್ತು ಚಿತ್ತಕ್ಕೆ ಸಂಬಂಧಿಸಿದ್ದು. ಉಳಿದದ್ದು ಮನುಷ್ಯನ ಅಗತ್ಯಗಳು: ಆಯಾ ದಿನದ ಅನ್ನ, ಮಾಡಿದ ತಪ್ಪಿಗೆ ಕ್ಷಮೆ, ಕೇಡಿನಿಂದ ಬಿಡುಗಡೆ.

ಈ ಕೋರಿಕೆಗಳಲ್ಲೆಲ್ಲ ಒಂದಕ್ಕೆ ಮಾತ್ರ ಷರತ್ತು ಅಂಟಿಕೊಂಡಿದೆ. ಅನ್ನ ಕೊಡು ಎಂದು ಕೇಳುವಾಗ ಷರತ್ತಿಲ್ಲ. ಕೇಡಿನಿಂದ ಕಾಪಾಡು ಎನ್ನುವಾಗಲೂ ಇಲ್ಲ. ಕ್ಷಮೆ ಕೇಳುವಾಗ ಮಾತ್ರ, ತನಗೆ ತಪ್ಪು ಮಾಡಿದವರನ್ನು ತಾನು ಕ್ಷಮಿಸಿರುವ ಪ್ರಕಾರ ಎಂಬ ಮಾತನ್ನು ಪ್ರಾರ್ಥಿಸುವವನೇ ಸೇರಿಸಿ ಹೇಳಬೇಕು. ಅಷ್ಟೇ ಅಲ್ಲ, ಮತ್ತಾಯನ ಸುವಾರ್ತೆಯಲ್ಲಿ ಪ್ರಾರ್ಥನೆ ಮುಗಿದೊಡನೆ ಯೇಸು ವಿವರಣೆ ಕೊಡುವುದು ಈ ಒಂದು ಸಾಲಿಗೆ ಮಾತ್ರ. ಇತರರನ್ನು ಕ್ಷಮಿಸಿದರೆ ನಿಮಗೂ ಕ್ಷಮೆ ಉಂಟು, ಕ್ಷಮಿಸದಿದ್ದರೆ ಇಲ್ಲ ಎಂಬುದು ಅದರ ತಾತ್ಪರ್ಯ.

ಮತ್ತಾಯನ ಗ್ರೀಕ್ ಮೂಲದಲ್ಲಿ ಇಲ್ಲಿರುವ ಪದದ ನೇರ ಅರ್ಥ 'ಸಾಲ'. ಮಾಡಿದ ತಪ್ಪು ತೀರಿಸಬೇಕಾದ ಸಾಲವಿದ್ದಂತೆ ಎಂಬ ಭಾವನೆ ಅದರ ಹಿಂದಿದೆ. ಆಮಿಶ್ ಜನ ಇಂದಿಗೂ ಪ್ರಾರ್ಥನೆ ಹೇಳುವುದು ಜರ್ಮನ್ ಭಾಷೆಯಲ್ಲಿ. ಅಲ್ಲಿನ 'ಶುಲ್ಡ್' ಎಂಬ ಪದಕ್ಕೂ ತಪ್ಪು ಮತ್ತು ಸಾಲ ಎಂಬ ಎರಡೂ ಅರ್ಥಗಳಿವೆ.

ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಬರುವ ದೃಷ್ಟಾಂತ ಕಥೆಯೊಂದು ಈ ಲೆಕ್ಕವನ್ನು ಬಿಡಿಸಿ ಹೇಳುತ್ತದೆ. ಒಬ್ಬ ಅರಸನಿಗೆ ಅವನ ಸೇವಕ ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಾಗಿತ್ತು. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಎಂದರೆ ಆಳಿನ ಒಂದು ದಿನದ ಕೂಲಿ. ಅಂದರೆ ಆರು ಕೋಟಿ ದಿನಗಳ ಕೂಲಿ. ಯಾವ ಜನ್ಮಕ್ಕೂ ತೀರಿಸಲಾಗದ ಆ ಸಾಲವನ್ನು ಅರಸ ಮನ್ನಾ ಮಾಡಿದ. ಹೊರಬಂದ ಸೇವಕ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸಿದ. ಸುದ್ದಿ ತಿಳಿದ ಅರಸ ಮನ್ನಾ ಮಾಡಿದ್ದನ್ನು ರದ್ದುಪಡಿಸಿದ. ಆಮಿಶ್ ಬೋಧಕರು ಮೇಲಿಂದ ಮೇಲೆ ಹೇಳುವ ಕಥೆ ಇದು.

ಪ್ರಾರ್ಥನೆಯನ್ನು ಹೇಳುವವರು ಜಗತ್ತಿನಲ್ಲಿ ಕೋಟಿಗಟ್ಟಲೆ ಇದ್ದಾರೆ. ಈ ಒಂದು ಸಾಲನ್ನು ಅಕ್ಷರಶಃ ತೆಗೆದುಕೊಳ್ಳಬೇಕೆಂಬ ಹಟ ಈ ಸಣ್ಣ ಪಂಗಡಕ್ಕೆ ಬಂದದ್ದಾದರೂ ಎಲ್ಲಿಂದ? ಅದಕ್ಕೆ ಐದು ಶತಮಾನ ಹಿಂದಕ್ಕೆ ಹೋಗಬೇಕು.

ನೀರಿನಲ್ಲಿ ಮುಳುಗಿಸಿದವರು

ಸ್ವಿಟ್ಜರ್ಲೆಂಡಿನ ಜೂರಿಕ್ ನಗರ, 1525ರ ಜನವರಿ 21. ಮಾರ್ಟಿನ್ ಲೂಥರ್ ಮತಸುಧಾರಣೆಯ ಕಹಳೆ ಊದಿ ಏಳು ವರ್ಷ ಕಳೆದಿತ್ತು. ಜೂರಿಕ್‌ನಲ್ಲಿ ಉಲ್ರಿಕ್ ಜ್ವಿಂಗ್ಲಿಯ ನೇತೃತ್ವದಲ್ಲಿ ಸುಧಾರಣೆ ನಡೆದಿತ್ತು. ಅದರ ವೇಗ ಸಾಲದೆಂದು ಬೇಸತ್ತ ಅವನ ಶಿಷ್ಯರೇ ಕೆಲವರು ಅಂದು ಒಂದು ಮನೆಯಲ್ಲಿ ಸೇರಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಏನೂ ಅರಿಯದ ಹಸುಗೂಸಿಗೆ ಕೊಡುವ ದೀಕ್ಷೆ ದೀಕ್ಷೆಯಲ್ಲ, ತಿಳಿವಳಿಕೆ ಬಂದ ಮೇಲೆ ಸ್ವಇಚ್ಛೆಯಿಂದ ಪಡೆಯಬೇಕಾದದ್ದು ಎಂಬುದು ಅವರ ವಾದ. ಎರಡನೆಯ ಬಾರಿ ದೀಕ್ಷೆ ಪಡೆದವರೆಂಬ ಅರ್ಥದಲ್ಲಿ ವಿರೋಧಿಗಳು ಅವರನ್ನು 'ಅನಾಬ್ಯಾಪ್ಟಿಸ್ಟ್' ಎಂದು ಮೂದಲಿಸಿದರು. ಆ ಹೆಸರೇ ಉಳಿಯಿತು.

ಇಂದಿನ ಓದುಗನಿಗೆ ಇದು ಸಣ್ಣ ವಿಷಯವೆನಿಸಬಹುದು. ಅಂದಿನ ಯೂರೋಪಿನಲ್ಲಿ ಶಿಶುವಿನ ದೀಕ್ಷಾಸ್ನಾನವೆಂದರೆ ಪ್ರಜೆಯಾಗಿ ದಾಖಲಾದಂತೆ. ಅದನ್ನು ನಿರಾಕರಿಸಿದರೆ ರಾಜ್ಯವನ್ನೇ ನಿರಾಕರಿಸಿದಂತೆ. ಮೇಲಾಗಿ ಇವರಲ್ಲಿ ಬಹುಪಾಲು ಜನ ಆಣೆ ಇಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ ಎಂದರು. ಕ್ಯಾಥೊಲಿಕ್ ಅರಸರು, ಪ್ರಾಟೆಸ್ಟೆಂಟ್ ನಗರಸಭೆಗಳು ಎಂಬ ಭೇದವಿಲ್ಲದೆ ಎಲ್ಲರೂ ಅವರ ಮೇಲೆ ಮುರಿದುಬಿದ್ದರು. 1527ರ ಜನವರಿ 5ರಂದು ಫೆಲಿಕ್ಸ್ ಮಾನ್ಜ್ ಎಂಬಾತನನ್ನು ಕೈಕಾಲು ಕಟ್ಟಿ ಜೂರಿಕ್‌ನ ಲಿಮ್ಮಾತ್ ನದಿಯಲ್ಲಿ ಮುಳುಗಿಸಲಾಯಿತು. ಮತ್ತೆ ಸ್ನಾನ ಬೇಕೆಂದವನಿಗೆ ನೀರೇ ಶಿಕ್ಷೆ! ಆ ಶತಮಾನದಲ್ಲಿ ಹೀಗೆ ಕೊಲ್ಲಲ್ಪಟ್ಟವರ ಸಂಖ್ಯೆ ಎರಡು ಸಾವಿರಕ್ಕೂ ಹೆಚ್ಚು ಎಂದು ಇತಿಹಾಸಕಾರರ ಅಂದಾಜು.

ಆ ಸಾವುಗಳಲ್ಲಿ ಒಂದು ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯಿತು. ಹಾಲೆಂಡಿನ ಆಸ್ಪರೆನ್ ಊರಿನ ಡಿರ್ಕ್ ವಿಲ್ಲೆಮ್ಸ್ ಎಂಬಾತ ಸೆರೆಯಲ್ಲಿದ್ದ. ಬಟ್ಟೆಗಳನ್ನು ಗಂಟುಹಾಕಿ ಹಗ್ಗ ಮಾಡಿ ಕಿಟಕಿಯಿಂದ ಇಳಿದು ಓಡಿದ. ಕಾವಲುಗಾರ ಬೆನ್ನಟ್ಟಿದ. ದಾರಿಯಲ್ಲಿದ್ದ ಕೊಳದ ಮೇಲೆ ತೆಳುವಾದ ಹಿಮದ ಪದರ ಕಟ್ಟಿತ್ತು. ಜೈಲಿನ ಊಟದಿಂದ ಬಡಕಲಾಗಿದ್ದ ಡಿರ್ಕ್ ಅದರ ಮೇಲೆ ಪಾರಾದ. ಕಾವಲುಗಾರನ ಕಾಲಡಿ ಹಿಮ ಒಡೆದು ಅವನು ನೀರಿಗೆ ಬಿದ್ದ. ಡಿರ್ಕ್ ಓಡಿಹೋಗಬಹುದಿತ್ತು. ತಿರುಗಿ ಬಂದು ಕೈಚಾಚಿ ಅವನನ್ನು ಮೇಲೆತ್ತಿದ. ಬದುಕಿದ ಕಾವಲುಗಾರನಿಗೆ ಅವನನ್ನು ಬಿಟ್ಟುಬಿಡುವ ಮನಸ್ಸಿತ್ತು. ಆದರೆ ದಡದಲ್ಲಿದ್ದ ಅಧಿಕಾರಿ ಕರ್ತವ್ಯ ನೆನಪಿಸಿ ಹಿಡಿಸಿದ. 1569ರ ಮೇ 16ರಂದು ಡಿರ್ಕ್‌ನನ್ನು ಜೀವಂತ ಸುಟ್ಟರು. ಅಂದು ಬೀಸುತ್ತಿದ್ದ ಜೋರು ಗಾಳಿಗೆ ಬೆಂಕಿ ಸರಿಯಾಗಿ ಹಿಡಿಯದೆ ಅವನ ಪ್ರಾಣ ಬೇಗ ಹೋಗಲಿಲ್ಲ ಎಂದೂ ದಾಖಲೆ ಹೇಳುತ್ತದೆ.

ಇಂಥ ನೂರಾರು ಕಥೆಗಳನ್ನು ಸೇರಿಸಿ ಡಚ್ ಬೋಧಕ ತೀಲೆಮಾನ್ ವಾನ್ ಬ್ರಾಕ್ತ್ 1660ರಲ್ಲಿ 'ಹುತಾತ್ಮರ ಕನ್ನಡಿ' ಎಂಬರ್ಥದ ಹೆಸರಿನ ಬೃಹತ್ ಗ್ರಂಥ ಪ್ರಕಟಿಸಿದ. 1685ರ ಮುದ್ರಣಕ್ಕೆ ಯಾನ್ ಲೈಕನ್ ಎಂಬ ಕಲಾವಿದ ತಾಮ್ರದ ಫಲಕದಲ್ಲಿ ಕೊರೆದು ಮಾಡಿದ 104 ಚಿತ್ರಗಳು ಸೇರಿದವು. ಹಿಮದ ಅಂಚಿನಲ್ಲಿ ಬಾಗಿ ಎರಡೂ ಕೈ ಚಾಚಿರುವ ಡಿರ್ಕ್‌ನ ಚಿತ್ರ ಅವುಗಳಲ್ಲಿ ಒಂದು. ಈಗಲೂ ಅನೇಕ ಆಮಿಶ್ ಮನೆಗಳಲ್ಲಿ ಬೈಬಲ್ಲಿನ ಜೊತೆಗೆ ಈ ಗ್ರಂಥ ಇರುತ್ತದೆ.

ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದವರು ಯುದ್ಧದ ಸೂಚನೆ ಕಂಡಾಗ, ತಮ್ಮ ಗಂಡುಮಕ್ಕಳು ಕೋವಿ ಹಿಡಿಯುವ ಆಸೆಗೆ ಬೀಳದಿರಲಿ ಎಂದು ಇದರ ಜರ್ಮನ್ ಅನುವಾದವನ್ನು ಮಾಡಿಸಿದರು. ಎಫ್ರಾಟಾ ಎಂಬಲ್ಲಿ ಹದಿನೈದು ಜನ ಮೂರು ವರ್ಷ ದುಡಿದು 1748ರ ಹೊತ್ತಿಗೆ ಮುದ್ರಿಸಿದ ಆ ಪುಸ್ತಕಕ್ಕೆ ಸುಮಾರು 1,500 ಪುಟಗಳು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಕಾಗದದ ಕೊರತೆಯುಂಟಾದಾಗ ಅದರ ಬೈಂಡಾಗದ ಹಾಳೆಗಳನ್ನು ಸೈನ್ಯ ವಶಪಡಿಸಿಕೊಂಡು ತೋಟಾ ಸುತ್ತಲು ಬಳಸಿತು. ಶಾಂತಿಯ ಪಾಠ ಬಂದೂಕಿನ ನಳಿಗೆ ಸೇರಿದ್ದು ಹೀಗೆ.

ಬಾಯಿಪಾಠದ ಬಲ

ಆಮಿಶ್ ಎಂಬ ಹೆಸರು ಬಂದದ್ದು ಯಾಕೋಬ್ ಅಮ್ಮಾನ್‌ನಿಂದ. ಶಿಸ್ತು ಸಡಿಲವಾಯಿತೆಂದು ಆಕ್ಷೇಪಿಸಿ 1693ರಲ್ಲಿ ಈತ ಮತ್ತು ಸಂಗಡಿಗರು ಸ್ವಿಸ್ ಅನಾಬ್ಯಾಪ್ಟಿಸ್ಟರ ಗುಂಪಿನಿಂದ ಬೇರೆಯಾದರು. ಕ್ಷಮೆಗೆ ಹೆಸರಾದ ಪಂಗಡ ಹುಟ್ಟಿದ್ದು ಜಗಳದಿಂದ ಎಂಬುದನ್ನು ಮರೆಯುವಂತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಅವರು ಅಮೆರಿಕಕ್ಕೆ ಬಂದರು. ಯೂರೋಪಿನಲ್ಲಿ ಪಂಗಡ ಕಾಲಕ್ರಮೇಣ ಕರಗಿಹೋಯಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ಇಂದು ಅವರ ಸಂಖ್ಯೆ ನಾಲ್ಕು ಲಕ್ಷ ದಾಟಿದೆ. ಕಾರು ಇಟ್ಟುಕೊಳ್ಳದ, ಮನೆಗೆ ವಿದ್ಯುತ್ ತಂತಿ ಎಳೆಸದ, ಸಾದಾ ಉಡುಪಿನ ಜನ ಎಂದು ಪ್ರವಾಸಿಗರು ಅವರನ್ನು ನೋಡಲು ಬರುತ್ತಾರೆ. ಎಂಟನೆಯ ತರಗತಿ ಮುಗಿದ ಮೇಲೆ ಮಕ್ಕಳನ್ನು ಶಾಲೆಗೆ ಕಳುಹಿಸದಿರುವ ಹಕ್ಕನ್ನು 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದುಕೊಂಡವರು ಅವರು.

ಇವರ ಪ್ರಾರ್ಥನೆಯ ಕ್ರಮ ಗಮನಾರ್ಹ. ತಮ್ಮದೇ ಮಾತುಗಳಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದು ಅಹಂಕಾರದ ಪ್ರದರ್ಶನವಾಗಬಹುದೆಂದು ಅವರಿಗೆ ಸಂಕೋಚ. ಯೇಸು ಕಲಿಸಿದ ಪ್ರಾರ್ಥನೆಯನ್ನು ತಿದ್ದಿ ಉತ್ತಮಪಡಿಸಲು ನಾವು ಯಾರು ಎಂಬ ಭಾವ. ಹೀಗಾಗಿ ಊಟಕ್ಕೆ ಮೊದಲು ಮತ್ತು ನಂತರ ಮೌನವಾಗಿ, ಶಾಲೆಯಲ್ಲಿ ಬೆಳಿಗ್ಗೆ ಒಕ್ಕೊರಲಿನಿಂದ, ರಾತ್ರಿ ಮನೆಮಂದಿಯೆಲ್ಲ ಮಂಡಿಯೂರಿದಾಗ, ಮದುವೆಯಲ್ಲಿ, ಶವಸಂಸ್ಕಾರದಲ್ಲಿ ಅದೇ ಕರ್ತನ ಪ್ರಾರ್ಥನೆ. ಮಗು ಮಾತು ಕಲಿಯುತ್ತಿದ್ದಂತೆಯೇ ಇದನ್ನು ಬಾಯಿಪಾಠ ಮಾಡುತ್ತದೆ.

ಬಾಯಿಪಾಠದ ಪ್ರಾರ್ಥನೆಯ ಬಗ್ಗೆ ಎಲ್ಲ ಧರ್ಮಗಳಲ್ಲೂ ಒಂದು ಆಕ್ಷೇಪವಿದೆ. ನಾಲಿಗೆ ಹೊರಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ ಎಂಬ ಆಕ್ಷೇಪ ಅದು. ಆಮಿಶ್ ಪಂಗಡ ಇದಕ್ಕೆ ಕಂಡುಕೊಂಡ ಪರಿಹಾರ ಸ್ವಾರಸ್ಯಕರವಾಗಿದೆ. ಹೇಳುವ ಸಾಲನ್ನು ಮಾಡುವ ಕೆಲಸಕ್ಕೆ ಕಟ್ಟಿಹಾಕುವ ಏರ್ಪಾಡು ಅವರಲ್ಲಿದೆ.

ವರ್ಷಕ್ಕೆ ಎರಡು ಬಾರಿ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಪ್ರತಿಯೊಂದು ಸಭೆಯಲ್ಲಿ ಪ್ರಭುಭೋಜನ ನಡೆಯುತ್ತದೆ. ಅದಕ್ಕೆ ಎರಡು ವಾರ ಮುಂಚೆ ಸಮಾಲೋಚನೆಯ ಸಭೆ ಸೇರುತ್ತದೆ. ಸದಸ್ಯರು ಒಬ್ಬೊಬ್ಬರಾಗಿ ತಾವು ದೇವರೊಡನೆ ಮತ್ತು ಸಭೆಯೊಡನೆ ಸಮಾಧಾನದಿಂದ ಇದ್ದೇವೆಯೇ ಎಂದು ಹೇಳಬೇಕು. ಬೇಲಿಯ ತಕರಾರು, ಹಣದ ವ್ಯವಹಾರ, ಅತ್ತೆ ಸೊಸೆಯ ಮುನಿಸು, ಏನೇ ಇದ್ದರೂ ಈ ಎರಡು ವಾರಗಳಲ್ಲಿ ಬಗೆಹರಿಯಬೇಕು. ದೊಡ್ಡ ಭಿನ್ನಾಭಿಪ್ರಾಯ ಉಳಿದುಬಿಟ್ಟರೆ ಪ್ರಭುಭೋಜನವನ್ನೇ ಮುಂದೂಡುವುದುಂಟು. ಅಂದರೆ ಇಬ್ಬರ ಜಗಳ ಇಡೀ ಸಭೆಯ ಊಟವನ್ನು ತಡೆಹಿಡಿಯುತ್ತದೆ. ಪ್ರಭುಭೋಜನದ ದಿನ ಜೋಡಿ ಜೋಡಿಯಾಗಿ ಒಬ್ಬರ ಪಾದ ಇನ್ನೊಬ್ಬರು ತೊಳೆಯುತ್ತಾರೆ. ವರ್ಷಕ್ಕೆ ಎರಡು ಸಲ ನೆರೆಯವನ ಕಾಲು ತೊಳೆಯಬೇಕಾದವನು ವರ್ಷವಿಡೀ ಅವನ ಮೇಲೆ ಹಗೆ ಸಾಧಿಸುವುದು ಕಷ್ಟ.

2006ರ ಹತ್ಯೆ ನಡೆದದ್ದು ಅಕ್ಟೋಬರಿನಲ್ಲಿ, ಶರತ್ಕಾಲದ ಪ್ರಭುಭೋಜನದ ಸಿದ್ಧತೆಯ ಹಂಗಾಮಿನಲ್ಲಿ. ಸಣ್ಣ ಸಣ್ಣ ತಪ್ಪುಗಳನ್ನು ಮರೆತು ಬಿಡುವ ಅಭ್ಯಾಸ ಪೀಳಿಗೆಯಿಂದ ಪೀಳಿಗೆಗೆ ಆಗಿದ್ದ ಜನರ ಮುಂದೆ ಅಂದು ಊಹೆಗೂ ಮೀರಿದ ತಪ್ಪು ಬಂದು ನಿಂತಿತು. ಆ ಸಂಜೆ ಕೊಲೆಗಾರನ ಮನೆಯವರನ್ನು ಕಾಣಲು ಹೋಗಲು ಯಾರೂ ಸಭೆ ಸೇರಿ ತೀರ್ಮಾನಿಸಿರಲಿಲ್ಲ. ಬೇರೆ ಬೇರೆ ಜನ ಬೇರೆ ಬೇರೆಯಾಗಿ ಹೊರಟಿದ್ದರು.

ಇದು ಮೊದಲ ಸಲವೂ ಆಗಿರಲಿಲ್ಲ. 1957ರಲ್ಲಿ ಒಹಾಯೊ ರಾಜ್ಯದಲ್ಲಿ ಯುವ ಆಮಿಶ್ ರೈತನೊಬ್ಬನನ್ನು ದರೋಡೆಗೆ ಬಂದವನು ಗುಂಡಿಟ್ಟು ಕೊಂದ. ಹಂತಕನಿಗೆ ಮರಣದಂಡನೆಯಾಯಿತು. ಆಮಿಶ್ ಜನ ಅವನ ತಂದೆತಾಯಿಯನ್ನು ತಮ್ಮ ಮನೆಗಳಿಗೆ ಊಟಕ್ಕೆ ಕರೆದರು. ಪ್ರಾಣದಾನ ಮಾಡಬೇಕೆಂದು ರಾಜ್ಯಪಾಲರಿಗೆ ಪತ್ರಗಳನ್ನು ಬರೆದರು. 1958ರ ನವೆಂಬರಿನಲ್ಲಿ, ಶಿಕ್ಷೆ ಜಾರಿಯಾಗಲು ಕೆಲವೇ ಗಂಟೆಗಳಿದ್ದಾಗ, ರಾಜ್ಯಪಾಲರು ಅದನ್ನು ಜೀವಾವಧಿಗೆ ಇಳಿಸಿದರು.

ಮಾತಿನ ನಂತರದ ಕೆಲಸ

ನಿಕ್ಕಲ್ ಮೈನ್ಸ್‌ನ ಕ್ಷಮೆ ಒಂದು ಸಂಜೆಯ ಮಾತಿಗೆ ಮುಗಿಯಲಿಲ್ಲ. ಅಕ್ಟೋಬರ್ 7ರಂದು ಕೊಲೆಗಾರನ ಶವಸಂಸ್ಕಾರ ನಡೆಯಿತು. ಅಲ್ಲಿ ಸೇರಿದ್ದ ಸುಮಾರು 75 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಮಿಶರು. ಹಿಂದಿನ ಒಂದೆರಡು ದಿನಗಳಲ್ಲಷ್ಟೇ ತಮ್ಮ ಹೆಣ್ಣುಮಕ್ಕಳನ್ನು ಮಣ್ಣುಮಾಡಿದ್ದ ತಂದೆತಾಯಂದಿರೂ ಅವರಲ್ಲಿದ್ದರು.

ಜಗತ್ತಿನ ಮೂಲೆಮೂಲೆಯಿಂದ ಸಹಾಯಧನ ಹರಿದುಬಂತು. ಮೊತ್ತ ನಲವತ್ತು ಲಕ್ಷ ಡಾಲರನ್ನು ಮೀರಿತು. ಅದನ್ನು ನೋಡಿಕೊಳ್ಳಲು ರಚಿಸಿದ ಸಮಿತಿಗೆ ಅವರು ಇಟ್ಟ ಹೆಸರು 'ಹೊಣೆಗಾರಿಕೆ ಸಮಿತಿ'. ಗಾಯಗೊಂಡ ಮಕ್ಕಳ ಆಸ್ಪತ್ರೆಯ ಖರ್ಚು ತೂಗಿದ ಸಮಿತಿ, ಕೊಲೆಗಾರನ ವಿಧವೆ ಮತ್ತು ಮಕ್ಕಳಿಗೂ ನೆರವು ಕೊಟ್ಟಿತು. ಅಕ್ಟೋಬರ್ 12ರಂದು ಆ ಶಾಲೆಯನ್ನು ಕೆಡವಿ ನೆಲವನ್ನು ಹುಲ್ಲುಗಾವಲಾಗಿ ಮಾಡಲಾಯಿತು. ಸ್ವಲ್ಪ ದೂರದಲ್ಲಿ ಕಟ್ಟಿದ ಹೊಸ ಶಾಲೆ ಸರಿಯಾಗಿ ಆರು ತಿಂಗಳ ನಂತರ, 2007ರ ಏಪ್ರಿಲ್ 2ರಂದು ಆರಂಭವಾಯಿತು. ಅದರ ಹೆಸರು 'ನ್ಯೂ ಹೋಪ್', ಅಂದರೆ ಹೊಸ ಭರವಸೆ.

ಬದುಕುಳಿದವರಲ್ಲಿ ಒಬ್ಬಾಕೆಯ ಮಿದುಳಿಗೆ ಪೆಟ್ಟಾಗಿತ್ತು. ಆ ಮಗುವಿಗೆ ಮಾತಿಲ್ಲ, ನಡಿಗೆಯಿಲ್ಲ. ನಳಿಕೆಯ ಮೂಲಕ ಆಹಾರ. ಕೊಲೆಗಾರನ ತಾಯಿ ಪ್ರತಿ ಗುರುವಾರ ಸಂಜೆ ಆ ಮನೆಗೆ ಹೋಗಿ ಮಗುವಿಗೆ ಸ್ನಾನ ಮಾಡಿಸಿ, ಕಥೆ ಓದಿ, ಹಾಡು ಹೇಳಿ ಬರುತ್ತಿದ್ದರು. ತನ್ನ ಮಗ ಮಾಡಿದ್ದನ್ನು ಪ್ರತಿ ವಾರ ಕಣ್ಣಾರೆ ನೋಡಲು ಆ ತಾಯಿ ಒಪ್ಪಿದ್ದು ಒಂದು ಬಗೆ; ತಮ್ಮ ಮಗಳನ್ನು ಆ ಕೈಗೆ ಒಪ್ಪಿಸಲು ಹೆತ್ತವರು ಒಪ್ಪಿದ್ದು ಇನ್ನೊಂದು ಬಗೆ. ಆ ತಾಯಿ 2017ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ಹುಡುಗಿ ಹದಿನೆಂಟು ವರ್ಷ ಹಾಗೆಯೇ ಬದುಕಿ 2024ರಲ್ಲಿ ಕಣ್ಣುಮುಚ್ಚಿದಳು.

ಕ್ಷಮೆ, ಮಾಫಿ ಮತ್ತು ನ್ಯಾಯ

ಎಲ್ಲರೂ ಮೆಚ್ಚಿದರೆಂದಲ್ಲ. ಸತ್ತ ಮಕ್ಕಳ ಪರವಾಗಿ ಕ್ಷಮಿಸುವ ಅಧಿಕಾರ ದೊಡ್ಡವರಿಗೆ ಯಾರು ಕೊಟ್ಟರು? ಪಶ್ಚಾತ್ತಾಪವನ್ನೇ ಪಡದವನಿಗೆ ಕ್ಷಮೆ ಏಕೆ? ಇಷ್ಟು ಬೇಗ ಕ್ಷಮಿಸಿದರೆ ಕೇಡನ್ನು ಹಗುರವಾಗಿ ಕಂಡಂತೆ ಆಗುವುದಿಲ್ಲವೇ? ಅಮೆರಿಕದ ಅಂಕಣಕಾರರು ಆಗಲೇ ಕೇಳಿದ ಈ ಪ್ರಶ್ನೆಗಳು ತಳ್ಳಿಹಾಕುವಂಥವಲ್ಲ.

ಇಲ್ಲಿ ಮೂರು ವಿಷಯಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಕ್ಷಮೆ ಎಂದರೆ ಸೇಡು ತೀರಿಸಿಕೊಳ್ಳುವ ಹಕ್ಕನ್ನು ನೊಂದವನು ತಾನಾಗಿ ಬಿಟ್ಟುಕೊಡುವುದು. ಮಾಫಿ ಎಂದರೆ ಶಿಕ್ಷೆಯಿಂದಲೇ ಬಿಡುಗಡೆ ಮಾಡುವುದು. ಅದು ರಾಜ್ಯದ ಕೈಯಲ್ಲಿರುವ ಅಧಿಕಾರ. ರಾಜಿ ಎಂದರೆ ಮುರಿದ ಸಂಬಂಧ ಮತ್ತೆ ಕೂಡುವುದು. ಅದಕ್ಕೆ ಎರಡೂ ಕಡೆಯ ಮನಸ್ಸು ಬೇಕು. ಪ್ರಾರ್ಥನೆಯ ಸಾಲು ಒತ್ತಾಯಿಸುವುದು ಮೊದಲನೆಯದನ್ನು ಮಾತ್ರ.

ಭಾರತದ ಓದುಗರಿಗೆ ಈ ವ್ಯತ್ಯಾಸವನ್ನು ನೆನಪಿಸಲು ಒಂದು ಉದಾಹರಣೆ ಸಾಕು. 1999ರ ಜನವರಿ ತಿಂಗಳಲ್ಲಿ ಒಡಿಶಾದ ಮನೋಹರಪುರ ಗ್ರಾಮದಲ್ಲಿ ವಾಹನದೊಳಗೆ ಮಲಗಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಗುಂಪೊಂದು ಸಜೀವ ದಹನ ಮಾಡಿತು. ಕೊಂದವರನ್ನು ತಾನು ಕ್ಷಮಿಸಿರುವುದಾಗಿ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಹೇಳಿದರು. ಕಾನೂನು ತನ್ನ ಕೆಲಸ ಮಾಡುವುದಕ್ಕೆ ಅಡ್ಡ ಬರಲಿಲ್ಲ. ಪ್ರಧಾನ ಆರೋಪಿಗೆ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು. ಹತ್ಯೆಯ ನಂತರವೂ ಗ್ಲಾಡಿಸ್ ಬಾರಿಪದದ ಕುಷ್ಠರೋಗಿಗಳ ಆಶ್ರಮದಲ್ಲಿ 2004ರವರೆಗೆ ಸೇವೆ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಕ್ಷಮೆಯೂ ನ್ಯಾಯವೂ ಒಂದರ ಪಕ್ಕದಲ್ಲಿ ಒಂದು ನಡೆದ ಪ್ರಕರಣ ಇದು.

ಈ ಎರಡನ್ನೂ ಗೊಂದಲ ಮಾಡಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಸ್ವತಃ ಆಮಿಶ್ ಸಮಾಜದಲ್ಲೇ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳು ದೂರು ಹೇಳಿಕೊಂಡಾಗ, ತಪ್ಪಿತಸ್ಥ ಸಭೆಯ ಮುಂದೆ ತಪ್ಪೊಪ್ಪಿಕೊಂಡನಲ್ಲ, ಇನ್ನು ಕ್ಷಮಿಸಿ ಮರೆತುಬಿಡು ಎಂದು ಅವರ ಮೇಲೆ ಒತ್ತಡ ಹೇರಿದ ಹಲವು ಪ್ರಕರಣಗಳನ್ನು 2020ರ ಸುಮಾರಿಗೆ ಅಮೆರಿಕದ ಪತ್ರಕರ್ತರ ತನಿಖೆ ಹೊರಗೆಡವಿತು. ಪೊಲೀಸರ ಬಳಿ ಹೋಗುವುದನ್ನೇ ಕ್ಷಮೆಯ ಉಲ್ಲಂಘನೆ ಎಂದು ಬಗೆದ ಉದಾಹರಣೆಗಳಿದ್ದವು. ನೊಂದವಳು ತಾನಾಗಿ ಕೊಡಬೇಕಾದದ್ದನ್ನು ಬಲವಂತವಾಗಿ ಕಸಿದುಕೊಂಡರೆ ಅದು ಕ್ಷಮೆಯಲ್ಲ, ಎರಡನೆಯ ಅನ್ಯಾಯ. ದೀಕ್ಷೆ ಪಡೆದು ನಂತರ ಪಂಗಡ ಬಿಟ್ಟವರೊಡನೆ ಕೂತು ಉಣ್ಣದ ಬಹಿಷ್ಕಾರದ ಪದ್ಧತಿಯೂ ಅವರಲ್ಲಿ ಉಳಿದಿದೆ. ಕೊಲೆಗಾರನ ಮನೆಗೆ ಹೋದವರು ಮನೆಬಿಟ್ಟ ಮಗನೊಡನೆ ಊಟಕ್ಕೆ ಕೂರಲಾರರೇ ಎಂದು ಕೇಳಿದವರಿಗೆ, ಅದು ದ್ವೇಷವಲ್ಲ, ತಿದ್ದುವ ಶಿಸ್ತು ಎಂದು ಆಮಿಶರು ಉತ್ತರಿಸುತ್ತಾರೆ. ಆ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಿಲ್ಲ.

ನಿಕ್ಕಲ್ ಮೈನ್ಸ್‌ನ ಹೆತ್ತವರೂ ತಮಗೆ ಸಿಟ್ಟು ಬರಲೇ ಇಲ್ಲ ಎಂದು ಹೇಳಿಕೊಂಡವರಲ್ಲ. ಅವರಲ್ಲಿ ಅನೇಕರು ಮನೋವೈದ್ಯರ, ಆಪ್ತಸಲಹೆಗಾರರ ನೆರವು ಪಡೆದರು. ಒಂದು ಸಲ ಕ್ಷಮಿಸಿದರೆ ಮುಗಿಯುವುದಿಲ್ಲ, ನೆನಪು ಬಂದಾಗಲೆಲ್ಲ ಮತ್ತೆ ಕ್ಷಮಿಸಬೇಕಾಗುತ್ತದೆ ಎಂಬುದು ಅವರ ಅನುಭವ. ನಿರ್ಧಾರ ಮೊದಲು ಬಂತು. ಮನಸ್ಸು ಅದರ ಹಿಂದೆ ನಿಧಾನವಾಗಿ, ಎಡವುತ್ತ ಬಂತು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಪೇತ್ರನು ಕೇಳಿದಾಗ ಎಣಿಸಲಾಗದಷ್ಟು ಸಲ ಎಂಬರ್ಥದ ಉತ್ತರವನ್ನು ಯೇಸು ಕೊಟ್ಟದ್ದಾಗಿ ಸುವಾರ್ತೆ ಹೇಳುತ್ತದೆ. ಬೇರೆ ಬೇರೆ ತಪ್ಪುಗಳನ್ನು ಅಷ್ಟು ಸಲ ಎಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಒಂದೇ ತಪ್ಪನ್ನು ಅಷ್ಟು ಸಲ ಕ್ಷಮಿಸಬೇಕಾಗಬಹುದು ಎಂಬುದನ್ನು ಈ ತಂದೆತಾಯಂದಿರು ತೋರಿಸಿಕೊಟ್ಟರು.

ನಿಕ್ಕಲ್ ಮೈನ್ಸ್ ಘಟನೆಗೆ ಎರಡು ವರ್ಷ ಮೊದಲು, 2004ರ ಜೂನ್ 26ರಂದು, ಜೂರಿಕ್ ನಗರದ ಲಿಮ್ಮಾತ್ ನದಿಯ ದಡದಲ್ಲಿ ಒಂದು ಸಮಾರಂಭ ನಡೆಯಿತು. ಜ್ವಿಂಗ್ಲಿಯ ಪರಂಪರೆಯ ರಿಫಾರ್ಮ್ಡ್ ಸಭೆ ಅನಾಬ್ಯಾಪ್ಟಿಸ್ಟರ ವಾರಸುದಾರರನ್ನು ಕರೆಸಿ, ಹಿಂಸೆ ನೀಡಿದ್ದು ತನ್ನ ತಪ್ಪೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಫೆಲಿಕ್ಸ್ ಮಾನ್ಜ್ ಮತ್ತು ಇತರರನ್ನು ಮುಳುಗಿಸಿದ ಜಾಗದಲ್ಲಿ ಸ್ಮಾರಕದ ಕಲ್ಲೊಂದನ್ನು ನೆಟ್ಟಿತು. ಮುಳುಗಿಸಿದವರೂ ಮುಳುಗಿದವರೂ ದಿನವೂ ಹೇಳುತ್ತಿದ್ದದ್ದು ಒಂದೇ ಪ್ರಾರ್ಥನೆಯನ್ನು. ಅದರ ಒಂದು ಸಾಲು ಆ ನದಿಯ ದಡವನ್ನು ಮುಟ್ಟಲು 477 ವರ್ಷ ಹಿಡಿಯಿತು. ನಿಕ್ಕಲ್ ಮೈನ್ಸ್‌ನಲ್ಲಿ ಅದೇ ಸಾಲಿಗೆ ಒಂದು ಸಂಜೆ ಸಾಕಾಯಿತು. ಆದರೆ ಆ ಸಂಜೆಯ ಹಿಂದೆ ದಿನಕ್ಕೆ ಹಲವು ಬಾರಿಯಂತೆ, ತಲೆಮಾರುಗಳ ಉದ್ದಕ್ಕೂ, ಊಟದ ಮೇಜಿನ ಮುಂದೆ ತಲೆತಗ್ಗಿಸಿ ಮಾಡಿದ ಬಾಯಿಪಾಠವಿತ್ತು.